ರಾಚಮ್ಮನ ಸರದಿಗೆ ಆರಿದ ಕರ್ಪೂರ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಡಾಕ್ಟರ್ ಶಿವರುದ್ರಸ್ವಾಮಿಯವರ ಹೆರಿಗೆ ಆಸ್ಪತ್ರೆ ಇತ್ತು. ಅಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ಕಿವಿಗೆ ಈ ಲೋಕದಲ್ಲಿ ಮೊದಲು ಬಿದ್ದದ್ದು ಒಂದು ಕೋಳಿಯ ಕತೆ. ಹೇಳುತ್ತಿದ್ದವಳು ಆಯಾ ರಾಚಮ್ಮ.

ರಾಚಮ್ಮ ಹನೂರು ಕಡೆಯ ಹೆಣ್ಣು. ನಿಂಗರಾಜುವನ್ನು ಕಟ್ಟಿಕೊಂಡು ಕೊಳ್ಳೇಗಾಲಕ್ಕೆ ಬಂದಳು. ಅವನಿಗೆ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನಿನಲ್ಲಿ ಕೆಲಸ. ಆ ಗದ್ದಲದಲ್ಲಿ ದಿನವಿಡೀ ನಿಂತು ನಿಂತು ಅವನ ಕಿವಿ ಮಂದವಾಗಿತ್ತು. ಅದು ಒಳ್ಳೆಯದೇ ಆಯಿತು ಅನ್ನಬೇಕು, ಯಾಕೆಂದರೆ ರಾಚಮ್ಮ ಎಚ್ಚರವಾಗಿದ್ದು ಬಾಯಿ ಮುಚ್ಚಿದ್ದನ್ನು ಕಂಡವರೇ ಇರಲಿಲ್ಲ. ತರಕಾರಿಯವಳ ಹತ್ತಿರ ನಿಂತರೆ ಬದನೆಕಾಯಿ ಬಾಡುವ ತನಕ ಮಾತು. ಮಾತಾಡಲು ಯಾರೂ ಸಿಗದಿದ್ದರೆ ಒಲೆಗೆ ಬೈದುಕೊಂಡಾದರೂ ಇರುತ್ತಿದ್ದಳು. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಅವಳು ಆಸ್ಪತ್ರೆಗೆ ಸೇರಿದಾಗ ಓಣಿಯ ಹೆಂಗಸರು ಸ್ವಲ್ಪ ನೆಮ್ಮದಿಯ ಉಸಿರು ಬಿಟ್ಟರು.

ಹೊರಗೆ ಎಲ್ಲರೂ ನಗಾಡುತ್ತಿದ್ದ ಈ ಚಾಳಿ ಹೆರಿಗೆ ಕೋಣೆಯಲ್ಲಿ ಉಪಯೋಗಕ್ಕೆ ಬಂತು. ನೋವು ತಿನ್ನುವ ಹೆಂಗಸಿನ ತಲೆಯ ಹತ್ತಿರ ನಿಂತು, ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ರಾಚಮ್ಮ ಶುರು ಮಾಡುತ್ತಿದ್ದಳು. ಅವಳ ಅತ್ತೆ ಒಂದು ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೊರಟಳಂತೆ. ಮನೆಯ ಕೆಂದ ಕೋಳಿಯೂ ಹಿಂದೆ ಹೊರಟಿತಂತೆ. ಕಲ್ಲು ಬೀಸಿದರೂ ಹೋಗಲಿಲ್ಲ, ಬೈದರೂ ಹೋಗಲಿಲ್ಲ. ಹನೂರಿನ ಸಂತೆಯಲ್ಲಿ ಯಾರೋ ಒಬ್ಬ ದಫೇದಾರನ ಸೈಕಲ್ಲಿನ ಬುಟ್ಟಿಯಲ್ಲಿ ಕೂತು ಮೊಟ್ಟೆ ಇಟ್ಟಿತು. ಅಜ್ಜೀಪುರದಲ್ಲಿ ಅದಕ್ಕೂ ಒಂದು ನಾಯಿಗೂ ಜಗಳವಾಗಿ ನಾಯಿ ಸೋತಿತು. ರಾಮಾಪುರದಲ್ಲಿ ಭಜನೆಯವರ ತಾಳಕ್ಕೆ ಸರಿಯಾಗಿ ಕೂಗಿತು. ಹೀಗೆ ಕೋಳಿ ಊರೂರು ದಾಟುತ್ತಾ ಹೋಗುವಾಗ, ಅಳುತ್ತಿದ್ದವಳು ಅಳುವಿನ ನಡುವೆಯೇ ನಕ್ಕು, ನಗುವಿನ ನಡುವೆಯೇ ಮುಕ್ಕಿ, ಮಗು ಬಂದುಬಿಡುತ್ತಿತ್ತು. ಚೊಚ್ಚಲಾದರೆ ಕೌದಳ್ಳಿಯವರೆಗೆ ಹೋಗಬೇಕಾಗುತ್ತಿತ್ತು, ಅಷ್ಟೆ.

ನಿಜವಾದ ಕತೆಯಲ್ಲಿ ಆ ಕೋಳಿ ಕೌದಳ್ಳಿಯಲ್ಲಿ ಒಂದು ಮನೆಯ ಸಂದಿಗೆ ನುಗ್ಗಿತು, ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಮಸಾಲೆ ವಾಸನೆ ಬಂತು, ವ್ರತದಲ್ಲಿದ್ದ ಅತ್ತೆ ಮೂಗಿಗೆ ಸೆರಗು ಹಿಡಿದು ಮುಂದೆ ನಡೆದಳು. ಇದನ್ನು ಹೆರುವವಳಿಗೆ ಹೇಳುವುದು ಹೇಗೆ? ಹೇಳುವ ಪ್ರಸಂಗವೇ ಬರಲಿಲ್ಲ. ಕೋಳಿಯನ್ನು ಪ್ರತಿ ಸಲವೂ ಯಾವುದೋ ಒಂದು ಮಗು ಕಾಪಾಡುತ್ತಿತ್ತು.

ಆಸ್ಪತ್ರೆಯೇನೋ ಒಳ್ಳೆಯ ಹೆಸರು ಪಡೆದಿತ್ತು. ಒಳಗಿನ ಹವೆ ಮಾತ್ರ ಬೇರೆ. ಡಾಕ್ಟರು ಒಬ್ಬರೇ, ಹೆರಿಗೆ ಸಾಲುಸಾಲು. ಅವರಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದ್ದಕ್ಕೆ ಸಿಟ್ಟು. ಕೈಯಲ್ಲಿದ್ದ ಇಕ್ಕಳವನ್ನು ಗೋಡೆಗೆ ಎಸೆಯುವರು. ಅವರು ಸಿಸ್ಟರಿಗೆ ಬೈದರೆ ಸಿಸ್ಟರು ಆಯಾಗಳಿಗೆ ಬೈಯುವರು, ಆಯಾಗಳು ತಮ್ಮತಮ್ಮೊಳಗೆ ಕಚ್ಚಾಡುವರು, ಕೊನೆಗೆ ಯಾರೂ ಸಿಗದಿದ್ದರೆ ಗೇಟಿನ ಹತ್ತಿರ ಕಡಲೆಕಾಯಿ ಮಾರುವ ಮುದುಕನಿಗೆ ಬೀಳುತ್ತಿತ್ತು. ಬೆಳಿಗ್ಗೆ ಮೇಲಿನ ರೂಮಿನಲ್ಲಿ ಹುಟ್ಟಿದ ಒಂದು ಬೈಗುಳ ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ತನಕ ಬಂದು ತಲುಪುತ್ತಿತ್ತು. ಸಂಬಳ ತಡವಾದರೂ ಇದು ಮಾತ್ರ ತಡವಾಗುತ್ತಿರಲಿಲ್ಲ.

ಹೆಡ್ ಸಿಸ್ಟರು ಯಳಂದೂರಿನ ಶಿವರತ್ನಮ್ಮ. ಬಿಳಿ ಸೀರೆ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಗಂಜಿ ಹಾಕಿದ ಟೋಪಿ. ಮೂರು ಜನರ ಕೆಲಸವನ್ನು ಒಬ್ಬರೇ ಎಳೆಯುತ್ತಿದ್ದರು. ಹಸುಗೂಸಿನ ಕತ್ತಿಗೆ ಅಂಗೈ ಹೇಗೆ ಕೊಡಬೇಕು ಎಂದು ರಾಚಮ್ಮನಿಗೆ ಕಲಿಸಿದವರು ಅವರೇ. "ರಾಚಿ, ನಿನ್ನ ಕೋಳಿ ಕರ್ಕೊಂಡು ಬಾರೇ," ಎಂದು ಹೆರಿಗೆ ಕೋಣೆಯಿಂದ ಕೂಗುತ್ತಿದ್ದವರೂ ಅವರೇ. ಆ ಕೂಗು ಕೇಳಿದರೆ ರಾಚಮ್ಮ ತಿನ್ನುತ್ತಿದ್ದ ಮುದ್ದೆ ಬಿಟ್ಟು ಓಡುತ್ತಿದ್ದಳು. ಸಿಸ್ಟರ್ ಅಂದರೆ ಅವಳಿಗೆ ಪ್ರಾಣ.

ತೊಂಬತ್ತೊಂದನೇ ಇಸವಿಯ ಬೇಸಿಗೆಯ ಒಂದು ಮಧ್ಯಾಹ್ನ. ಕಾಮಗೆರೆಯ ಒಬ್ಬಳಿಗೆ ನೋವು ಆಗ ತಾನೇ ಶುರುವಾಗಿತ್ತು. ಶಿವರತ್ನಮ್ಮ, "ಈಗ ಬಂದೆ, ನೋಡ್ಕೊಂಡಿರು," ಎಂದು ರಾಚಮ್ಮನಿಗೆ ಹೇಳಿ ಹೊರಗೆ ಹೋದರು. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಅವರು ಹೋದದ್ದೇ ತಡ, ಡಾಕ್ಟರ ಸ್ಕೂಟರು ಬಂದು ನಿಂತಿತು.

"ಸಿಸ್ಟರ್ ಎಲ್ಲಿ?"

"ಇಲ್ಲೇ ಅವ್ರೆ ಸಾ, ಈಗ ಬಂದ್ಬುಡ್ತಾರೆ," ಎಂದಳು ರಾಚಮ್ಮ.

ಡಾಕ್ಟರು ಅವಳನ್ನೊಮ್ಮೆ ದಿಟ್ಟಿಸಿ ನೋಡಿ ಒಳಗೆ ಹೋದರು. ಶಿವರತ್ನಮ್ಮ ವಾಪಸು ಬಂದಾಗ ಅವರು ವರಾಂಡದಲ್ಲೇ ಕಾದು ನಿಂತಿದ್ದರು. ಬಾಣಂತಿಯರ ತಾಯಂದಿರು, ಗಂಡಂದಿರು, ಗೇಟಿನ ಮುದುಕ, ಎಲ್ಲರ ಎದುರಿಗೆ ಬಾಯಿಗೆ ಬಂದಂತೆ ಬೈದರು. ಕೊನೆಗೆ, "ಟೋಪಿ ತೆಗೆದು ಆ ಬೆಂಚಿನ ಮೇಲೆ ಇಡಿ. ಅದನ್ನ ಹಾಕ್ಕೊಳ್ಳೋ ಯೋಗ್ಯತೆ ನಿಮಗಿಲ್ಲ," ಎಂದರು. ಶಿವರತ್ನಮ್ಮ ಪಿನ್ನು ಬಿಡಿಸಿ ಟೋಪಿ ತೆಗೆದರು. ಬರಿದಲೆಯಲ್ಲಿ ನಿಂತ ಸಿಸ್ಟರನ್ನು ನೋಡಲಾರದೆ ರಾಚಮ್ಮ ಮುಖ ತಿರುಗಿಸಿದಳು. ಆಮೇಲೆ ಡಾಕ್ಟರು ಅವರನ್ನು ರೂಮಿಗೆ ಕರೆದು ಬಾಗಿಲು ಹಾಕಿಕೊಂಡು ಇನ್ನೇನೋ ಹೇಳಿದರು. ಅದು ಯಾರಿಗೂ ಕೇಳಿಸಲಿಲ್ಲ. ಕಾಮಗೆರೆಯವಳು ಸಂಜೆಗೆ ಗಂಡು ಹೆತ್ತಳು. ಸುಖವಾಗಿ ಹೆತ್ತಳು, ಯಾರಿಗೂ ಏನೂ ಆಗಲಿಲ್ಲ.

ಮಾರನೆಯ ದಿನ ಕರೆಂಟು ಇರಲಿಲ್ಲ. ಶಿವರತ್ನಮ್ಮ ಆಯಾಗಳನ್ನೂ ಚಿಕ್ಕ ನರ್ಸುಗಳನ್ನೂ ಬಟ್ಟೆ ಇಡುವ ಕೋಣೆಗೆ ಕರೆದರು. ಗೋಡೆಯ ಮೇಲೆ ಹುಲಿಯೇರಿದ ಮಾದಪ್ಪನ ಕ್ಯಾಲೆಂಡರು. ಅದರ ಮುಂದೆ ಒಂದು ಸ್ಟೀಲ್ ತಟ್ಟೆ ಇಟ್ಟು ಕರ್ಪೂರ ಹಚ್ಚಿದರು. ಅವರ ಕಣ್ಣು ಊದಿಕೊಂಡಿತ್ತು.

"ನಾನು ಹೊರಗೆ ಹೋಗಿದ್ದನ್ನ ಯಾರು ಹೋಗಿ ಡಾಕ್ಟರಿಗೆ ಹೇಳಿದ್ರು ಅಂತ ನಾನು ಕೇಳಲ್ಲ. ಅದು ಮಾದಪ್ಪನಿಗೆ ಗೊತ್ತು. ಹೇಳಿದೋರ ಜೊತೆ ಈ ಆಸ್ಪತ್ರೆ ಒಳಗೆ ಮಾತಿಲ್ಲ, ಅವರ ಕೈ ನೀರಿಲ್ಲ. ಎಲ್ಲರೂ ಆಣೆ ಮಾಡಿ."

ಅಲ್ಲಿಯ ಜನಕ್ಕೆ ಮಾದಪ್ಪನ ಆಣೆ ಅಂದರೆ ಹುಡುಗಾಟವಲ್ಲ. ಒಂದು ಸಲ ಕರ್ಪೂರ ಮುಟ್ಟಿ ಮಾತು ಬಿಟ್ಟರೆ ಅಣ್ಣತಮ್ಮಂದಿರೇ ಒಂದೇ ಹಟ್ಟಿಯಲ್ಲಿ ಮೂಗರಂತೆ ಬಾಳುತ್ತಾರೆ. ಸುಳ್ಳು ಆಣೆ ಮಾಡಿದವರು ಬೆಟ್ಟ ಹತ್ತುವ ಹಾಗಿಲ್ಲ. ಒಬ್ಬೊಬ್ಬರಾಗಿ ಉರಿಯ ಮೇಲೆ ಅಂಗೈ ಆಡಿಸಿ, ಕಣ್ಣಿಗೊತ್ತಿಕೊಂಡು, ಆ ಮಾತು ಹೇಳಿದರು. ಮಾರ್ಟಳ್ಳಿ ಕಡೆಯ ತಮಿಳು ಆಯಾ ಪುಷ್ಪ ಗಡಗಡ ನಡುಗುತ್ತಾ ಹೇಳಿದಳು. ಕೊನೆಯಲ್ಲಿ ನಿಂತವಳು ರಾಚಮ್ಮ. ಸಿಸ್ಟರಿಗಾದ ಅವಮಾನ ಅವಳಿಗೆ ತನಗೇ ಆದಂತಿತ್ತು. ಹೇಳಿದವರು ಯಾರೇ ಇರಲಿ, ಅವರ ಮುಖ ನೋಡಬಾರದು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಮನಸ್ಸು ಮಾಡಿಯೇ ಅವಳು ಕೈ ಚಾಚಿದಳು.

"ಏಳಿದೋರ ಜೊತ್ಗ ಈ ಆಸ್ಪತ್ರೆ ಒಳ್ಗ..."

ಕರೆಂಟು ಬಂತು. ತಲೆಯ ಮೇಲಿನ ಫ್ಯಾನು ಗರ್ರನೆ ತಿರುಗಿತು. ಕರ್ಪೂರ ಆರಿಹೋಯಿತು.

ಎಲ್ಲರೂ ತಟ್ಟೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ರಾಚಮ್ಮ ನಕ್ಕು, "ಥೂ, ಈ ಕರೆಂಟೊಂದು, ಇನ್ನೊಂದ್ಸಲ ಅಚ್ಚಿ ಸಿಸ್ಟ್ರೇ," ಎಂದಳು. ಶಿವರತ್ನಮ್ಮ ತಟ್ಟೆ ತೆಗೆದುಕೊಂಡರು. "ಸಾಕು," ಎಂದು ಹೊರಗೆ ಹೋದರು. ಉಳಿದವರೂ ಒಬ್ಬರ ಹಿಂದೊಬ್ಬರು ಹೋದರು. ಬಾಯಿ ಅರ್ಧ ತೆರೆದುಕೊಂಡು ರಾಚಮ್ಮ ಫ್ಯಾನಿನ ಕೆಳಗೆ ಒಬ್ಬಳೇ ನಿಂತಿದ್ದಳು.

ಅವತ್ತಿನಿಂದ ಅವಳೊಂದಿಗೆ ಯಾರೂ ಮಾತಾಡಲಿಲ್ಲ. ಮೊದಲ ವಾರ ಅವಳಿಗೆ ಇದು ತಮಾಷೆ ಅನ್ನಿಸಿತು, ಎರಡನೇ ವಾರ ಸಿಟ್ಟು ಬಂತು, ಆಮೇಲೆ ಏನನ್ನಿಸಬೇಕು ಅನ್ನುವುದೇ ತಿಳಿಯದೆ ಹೋಯಿತು. ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಅವಳು ಕೂತರೆ ಬುತ್ತಿಗಳು ಮುಚ್ಚಿಕೊಳ್ಳುತ್ತಿದ್ದವು. ಅವಳ ನೀರಿನ ಲೋಟ ಕಿಟಕಿಯ ಮೇಲೆ ಬೇರೆಯಾಗಿ ಕೂತಿತು. ಅವಳಿಗೆ ಕೆಲಸ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದರು: "ಹಿತ್ತಲಲ್ಲಿ ರಕ್ತದ ಬಟ್ಟೆ ಬಿದ್ದಿದೆಯಂತೆ, ಯಾರೋ ಒಗೀಬೇಕಂತೆ." ಕತ್ತರಿ ಕಳೆದರೆ ಅವಳು, ಹಾಲು ಒಡೆದರೆ ಅವಳು. ಡಾಕ್ಟರ ಬೈಗುಳ ಈಗ ಎಲ್ಲೂ ನಿಲ್ಲದೆ ನೇರವಾಗಿ ಅವಳ ಹತ್ತಿರ ಬರುತ್ತಿತ್ತು. ಉಳಿದವರ ಕಚ್ಚಾಟ ಕಡಿಮೆಯಾಯಿತು ಎಂಬುದೂ ಸುಳ್ಳಲ್ಲ.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಹೆರಿಗೆ ಕೋಣೆ ತಪ್ಪಿದ್ದಕ್ಕೆ. ಒಂದು ದಿನ ಅಭ್ಯಾಸ ಬಲದಿಂದ ಹೋದಳು. ಬಾಗಿಲಲ್ಲೇ ಪುಷ್ಪ ಅಡ್ಡ ನಿಂತು ನೆಲ ನೋಡಿದಳು. ಒಳಗೆ ಮಲಗಿದ್ದವಳು ಕಿರುಚುತ್ತಿದ್ದಳು. ಅಂದಿನಿಂದ ರಾಚಮ್ಮನ ಜಾಗ ಹಿತ್ತಲಿನ ಒಗೆಯುವ ಕಲ್ಲು. ಕೋಣೆಯ ಗವಾಕ್ಷಿ ಆ ಕಡೆಗೇ ಇತ್ತು. ಕಿರುಚಾಟ ಕೇಳುತ್ತಿತ್ತು, "ಬಾಯಿ ಮುಚ್ಚೇ, ಮಾಡ್ಕೊಳ್ಳೋವಾಗ ಗೊತ್ತಾಗ್ಲಿಲ್ವಾ?" ಎಂಬ ಶಿವರತ್ನಮ್ಮನವರ ಕೂಗೂ, ತೊಡೆಯ ಮೇಲೆ ಬೀಳುವ ಏಟೂ ಕೇಳುತ್ತಿದ್ದವು. ಮೊದಮೊದಲು ರಾಚಮ್ಮ ಸೋಪಿನ ನೀರಿನೊಳಗೆ ಬಗ್ಗಿ, "ನಮ್ಮತ್ತ ಒಬ್ಬಳಿದ್ಲು ಕಣವ್ವ," ಎಂದು ತನ್ನಷ್ಟಕ್ಕೆ ಶುರು ಮಾಡುತ್ತಿದ್ದಳು. ಕೋಳಿ ಹನೂರು ದಾಟುವುದರೊಳಗೆ ನಿಲ್ಲಿಸಿ ಬಟ್ಟೆ ಕುಕ್ಕತೊಡಗುತ್ತಿದ್ದಳು.

ಪುಷ್ಪ ಅವಳ ಓಣಿಯವಳೇ. ಸೋಜಿಗವೆಂದರೆ, ಮನೆಯ ಹತ್ತಿರ ಪುಷ್ಪ ಮೊದಲಿನಂತೆಯೇ ಇದ್ದಳು. ಖಾರದ ಪುಡಿ ಕೇಳಿಕೊಂಡು ಬರುವಳು, ಮಗಳ ತಲೆ ಬಾಚಿಸಿಕೊಂಡು ಹೋಗುವಳು, ಇಬ್ಬರೂ ನಗುನಗುತ್ತಾ ಕೆಲಸಕ್ಕೆ ನಡೆದು ಬರುವರು. ಗೇಟು ದಾಟಿದೊಡನೆ ಪುಷ್ಪ ಅಪರಿಚಿತಳಾಗುತ್ತಿದ್ದಳು.

"ಯಾನಮ್ಮಿ ಇದು ಪುಷ್ಪ?" ಎಂದು ರಾಚಮ್ಮ ಒಂದು ದಿನ ಬೀದಿಯಲ್ಲೇ ನಿಲ್ಲಿಸಿ ಕೇಳಿದಳು.

"ಆಣೆ ಮಾಡಿದ್ದು ಆಸ್ಪತ್ರೆ ಒಳ್ಗ ಕಣಕ್ಕ. ಬೀದೀಲಿ ಮಾತಾಡುದ್ರ ಮಾದಪ್ಪ ಯಾನೂ ಅನ್ನಲ್ಲ."

"ನಾನು ಏಳ್ನಿಲ್ಲ ಕಣವ್ವ! ಕರೆಂಟು ಬಂತು, ಫ್ಯಾನು ತಿರುಗ್ತು, ಆರೋಯ್ತು. ಅದ್ಕ ನಾನ್ಯಾನ ಮಾಡಲಿ?"

"ಅದು ಸರಿ ಕಣಕ್ಕ. ಆದ್ರ ಬೆಳಿಗ್ಗಿಂದ ಇಲ್ದಿದ್ ಕರೆಂಟು ನಿನ್ ಸರ್ದಿಗೇ ಯಾಕ ಬಂತು? ಕಳ್ಸಿದ್ದು ಕರೆಂಟಾಫೀಸ್ನೋರಾ, ಮಾದಪ್ಪನಾ?" ಪುಷ್ಪ ಕೆನ್ನೆ ಬಡಿದುಕೊಂಡಳು. "ಕಡವುಳೆ, ನಂಗ್ಯಾಕ ಕೇಳಿಯಕ್ಕ. ನಂಗೂ ಮಕ್ಳವ್ರೆ."

ಈ ಪ್ರಶ್ನೆಯನ್ನು ರಾಚಮ್ಮ ಒಗೆಯುವ ಕಲ್ಲಿನ ತನಕ ಹೊತ್ತುಕೊಂಡು ಹೋದಳು. ಯಾಕೆಂದರೆ ಅವಳೂ ಮಾದಪ್ಪನ ಒಕ್ಕಲೇ. ಫ್ಯಾನು ತಿರುಗಿದ್ದು ಕರೆಂಟಿನಿಂದ ಎಂದು ಅವಳಿಗೆ ಗೊತ್ತಿತ್ತು, ಮಾದಪ್ಪ ಸುಮ್ಮನೆ ಏನನ್ನೂ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಎರಡೂ ನಿಜವಾದರೆ ತಾನು ಏನೋ ಹೇಳಿಯೇ ಇರಬೇಕಲ್ಲ? ಅವಳು ಬಟ್ಟೆ ಕುಕ್ಕುತ್ತಾ ಕುಕ್ಕುತ್ತಾ ಆ ಮಧ್ಯಾಹ್ನವನ್ನು ಹಿಂದುಮುಂದಾಗಿ ನೆನೆದಳು. 'ಇಲ್ಲೇ ಅವ್ರೆ ಸಾ' ಅಂದದ್ದು ಸರಿ. ಆದರೆ 'ಈಗ ಬಂದ್ಬುಡ್ತಾರೆ' ಅಂದೆನಲ್ಲ, ಬರುತ್ತಾರೆ ಅಂದರೆ ಹೋಗಿದ್ದಾರೆ ಅಂತಲೇ ಅಲ್ಲವೇ? ಇಲ್ಲೇ ಇರುವವರು ಬರುವುದು ಎಲ್ಲಿಂದ? ಡಾಕ್ಟರು ದಿಟ್ಟಿಸಿ ನೋಡಿದ್ದು ಅದಕ್ಕೇ ಇರಬಹುದೇ? ಕೆಲವು ದಿನ ತಾನು ಹೇಳಿಲ್ಲ ಅನ್ನಿಸುತ್ತಿತ್ತು, ಕೆಲವು ದಿನ ಹೇಳಿದೆ ಅನ್ನಿಸುತ್ತಿತ್ತು. ಹೇಳಿದ್ದೇ ಆದರೆ ಹೇಳಿದವಳ ಜೊತೆ ಮಾತಿಲ್ಲ ಎಂದು ಅರ್ಧ ಆಣೆ ಮಾಡಿದವಳೂ ತಾನೇ. ಇದನ್ನು ಯೋಚಿಸಿದರೆ ಅವಳಿಗೆ ತಲೆ ಗಿರ್ರನೆ ತಿರುಗುತ್ತಿತ್ತು.

ಗಂಡನನ್ನು ಕೇಳೋಣವೆಂದರೆ ಅವನಿಗೆ ಕೂಗಿ ಹೇಳಬೇಕು, ಕೂಗಿದರೆ ಓಣಿಗೆಲ್ಲ ಕೇಳಿಸುತ್ತದೆ. ಆದರೂ ಕೂಗಿದಳು. ನಿಂಗರಾಜು ಎಲ್ಲ ಕೇಳಿ, "ಬುಟ್ಟಾಕು ಕೆಲ್ಸವ. ಬ್ಯಾರೆ ಆಸ್ಪತ್ರ ಇಲ್ವಾ?" ಎಂದ.

"ಬುಟ್ರೆ, ಏಳಿದ್ದು ಅವಳೇ, ಅದ್ಕೇ ಓಡೋದ್ಲು ಅನ್ನಲ್ವಾ?" ಎಂದಳು ರಾಚಮ್ಮ. ಇದಕ್ಕೆ ಅವನೂ ತಲೆ ಕೆರೆದುಕೊಂಡ.

ಒಮ್ಮೆ ಧೈರ್ಯ ಮಾಡಿ ಶಿವರತ್ನಮ್ಮನವರನ್ನೇ ಕೇಳಿದಳು. ಔಷಧಿ ಜೋಡಿಸುತ್ತಿದ್ದವರ ಎದುರಿಗೆ ನಿಂತು, "ಸಿಸ್ಟ್ರೇ, ನಾನ್ಯಾನ ತಪ್ಪು ಮಾಡಿದ್ದೀನಿ ಅಂತ ಒಂದ್ ಮಾತು ಏಳ್ಬುಡಿ, ಕಾಲ್ ಇಡ್ಕತೀನಿ," ಎಂದಳು. ಶಿವರತ್ನಮ್ಮ ಸೀಸೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಪುಷ್ಪ, ಏನೋ ಸದ್ದು ಬರ್ತಿದೆ ನೋಡು. ಫ್ಯಾನಿಗೆ ಎಣ್ಣೆ ಬೇಕೇನೋ," ಎಂದರು. ಚಿಕ್ಕ ನರ್ಸುಗಳು ಕಿಸಕ್ಕನೆ ನಕ್ಕರು. ರಾಚಮ್ಮ ಹಿತ್ತಲಿಗೆ ಹೋಗಿ ಅತ್ತಳು. ಆಮೇಲೆ ಯಾವತ್ತೂ ಕೇಳಲಿಲ್ಲ.

ಮಾತು ಅನ್ನುವುದು ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಆಸ್ಪತ್ರೆಯಲ್ಲಿ ನಿಂತಿತು, ಆಮೇಲೆ ತರಕಾರಿಯವಳ ಹತ್ತಿರ, ಆಮೇಲೆ ಒಲೆಯ ಮುಂದೆ. ಏನೂ ಕೇಳಿಸದ ನಿಂಗರಾಜುವಿಗೇ ಅದು ಮೊದಲು ಗೊತ್ತಾಯಿತು. "ಯಾಕಮ್ಮಿ, ಈಚ್ಗ ನಿನ್ ತುಟೀನೇ ಅಲ್ಲಾಡದಿಲ್ಲ?" ಎಂದು ಕೇಳಿದ. ಅವಳು ಏನೂ ಇಲ್ಲ ಎಂದು ಕೈಯಾಡಿಸಿದಳು. ಕತ್ತಲಾಗುವ ತನಕ ಅವನು ಅವಳ ಮುಖವನ್ನೇ ನೋಡುತ್ತಾ ಕೂತಿದ್ದ.

ನಿಂಗರಾಜುವಿನ ಮನೆಯವರು ಪ್ರತಿ ದೀಪಾವಳಿಗೂ ಬೆಟ್ಟಕ್ಕೆ ನಡೆದೇ ಹೋಗುವವರು. ಆ ಆಣೆಯಾದ ಮೇಲೆ ರಾಚಮ್ಮ ಏನಾದರೊಂದು ನೆಪ ಹೇಳಿ ಉಳಿದುಬಿಡುತ್ತಿದ್ದಳು. ತಾನು ಸುಳ್ಳು ಆಣೆಯವಳು ಹೌದೋ ಅಲ್ಲವೋ ಗೊತ್ತಿಲ್ಲದೆ ಹತ್ತುವುದು ಹೇಗೆ? ಒಂದು ವರ್ಷ ಗಂಡ ಬಿಡದೆ ಕರೆದುಕೊಂಡು ಹೊರಟ. ಹನೂರು, ಅಜ್ಜೀಪುರ, ರಾಮಾಪುರ, ಕೌದಳ್ಳಿ, ಕೋಳಿ ಬಂದ ದಾರಿಯಲ್ಲೇ ನಡೆದಳು. ತಾಳಬೆಟ್ಟದಲ್ಲಿ, ಕಾಲುದಾರಿ ಬೆಟ್ಟಕ್ಕೆ ಏರುವ ಕಡೆ, ಜನ ತೆಂಗಿನಕಾಯಿ ಒಡೆದು "ಉಘೇ ಮಾದಪ್ಪ" ಎಂದು ಮೆಟ್ಟಿಲಿಗೆ ಕಾಲಿಡುತ್ತಿದ್ದರು. ರಾಚಮ್ಮನ ಕಾಲು ಏಳಲಿಲ್ಲ. ನೆಂಟರೆಲ್ಲ ಹತ್ತಿ ಹೋದರು. ಅವಳು ಕೆಳಗೇ ಕೂತಿದ್ದು, ಇಳಿದು ಬರುವ ಬಸ್ಸು ಹಿಡಿದು ಮನೆಗೆ ಬಂದಳು. ನಿಂಗರಾಜು ಮತ್ತೆ ಕರೆಯಲಿಲ್ಲ.

ವರ್ಷಗಳು ಹೋದವು. ಶಿವರತ್ನಮ್ಮ ಕೆಲಸ ಬಿಟ್ಟು ಯಳಂದೂರಿಗೆ ಹೋದರು. ಆಣೆ ಮಾಡಿದವರಲ್ಲಿ ಪುಷ್ಪ ಒಬ್ಬಳನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ. ಹೊಸಬರು ಬಂದರು. ಹಿತ್ತಲಿನ ಆಯಾ ಜೊತೆ ಮಾತಾಡುವ ಪದ್ಧತಿ ಇಲ್ಲ ಎಂದು ಅವರು ನೋಡಿ ಕಲಿತರು. ಯಾಕೆ ಎಂದು ಕೇಳಿದವರಿಲ್ಲ. ಕೇಳಿದ್ದರೂ ಪುಷ್ಪ ಬಾಯಿ ಬಿಡುತ್ತಿರಲಿಲ್ಲ. ಬೈಗುಳ ಮಾತ್ರ ಹಳೆಯ ದಾರಿಯಲ್ಲೇ ಇಳಿದು ಬರುತ್ತಿತ್ತು. ಡಾಕ್ಟರ ಮಗಳು ದಿವ್ಯ ಓದು ಮುಗಿಸಿ ಬಂದು ಆಸ್ಪತ್ರೆ ವಹಿಸಿಕೊಂಡಳು. ಅವಳಿಗೂ ನಿದ್ದೆಯಿರಲಿಲ್ಲ.

ಎರಡು ಸಾವಿರದ ನಾಲ್ಕರ ಆರಂಭದಲ್ಲಿ ಒಂದು ದಿನ ಮುದಿ ಡಾಕ್ಟರು ವರಾಂಡದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ಪಾರ್ಶ್ವವಾಯು ಬಂದು ಹೋದ ಮೇಲೆ ಅವರ ಸಿಟ್ಟೆಲ್ಲ ಇಳಿದು ಮಾತು ಹೆಚ್ಚಾಗಿತ್ತು. ಕಾಫಿ ತಂದುಕೊಟ್ಟ ರಾಚಮ್ಮನನ್ನು ನೋಡಿ ಅವರಿಗೆ ಏನೋ ನೆನಪಾಯಿತು.

"ನೀನೇ ಅಲ್ವಾ, ಸಿಸ್ಟರ್ ಇಲ್ಲೇ ಇದ್ದಾರೆ ಅಂತ ನನಗೆ ಸುಳ್ಳು ಹೇಳಿದವಳು? ನಾನು ಆಗ ತಾನೇ ಬಳೆ ಅಂಗಡಿ ಮುಂದೆ ಶಿವರತ್ನಮ್ಮನ್ನ ನೋಡ್ಕೊಂಡು ಬಂದಿದ್ದೆ. ಎಷ್ಟು ನಿಯತ್ತು ಇವಳಿಗೆ ಅಂದ್ಕೊಂಡೆ." ಅವರು ನಕ್ಕರು. "ಆ ಪಾಪದೋಳಿಗೆ ಅವತ್ತು ಅಷ್ಟು ಬೈಬಾರದಿತ್ತು."

ರಾಚಮ್ಮ ಒಂದು ಹೆಜ್ಜೆ ಹತ್ತಿರ ಬಂದಳು. "ಯಾರೂ ಬಂದು ಏಳ್ನಿಲ್ವಾ ಸಾ?"

"ಯಾರು ಹೇಳ್ಬೇಕು? ನನ್ನ ಹತ್ರ ಬಂದು ಮಾತಾಡೋ ಧೈರ್ಯ ಯಾರಿಗಿತ್ತು?"

ಹೇಳಿದವರೇ ಇಲ್ಲ! ರಾಚಮ್ಮ ಅರ್ಧ ಗಂಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಹಾಗಾದರೆ ಕರ್ಪೂರ ಆರಿದ್ದು ಯಾಕೆ? ಹೇಳಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕಿರಬಹುದೇ? ಸಿಸ್ಟರನ್ನು ಉಳಿಸುವುದಕ್ಕೆ ಹೇಳಿದ ಸುಳ್ಳಿಗೂ ಮಾದಪ್ಪ ಶಿಕ್ಷೆ ಕೊಡುತ್ತಾನೆಯೇ? ಮೊದಲು ಒಂದು ಸಂಶಯವಿತ್ತು, ಈಗ ಎರಡಾದವು.

ಆ ಭಾನುವಾರ ಅವಳು ಯಳಂದೂರಿನ ಬಸ್ಸು ಹತ್ತಿದಳು. ಸಿಸ್ಟರಿಗೆ ಇದನ್ನು ಹೇಳಿಬಿಟ್ಟರೆ ಅವರೇ ಪಶ್ಚಾತ್ತಾಪಪಟ್ಟು ಆಣೆ ಬಿಡಿಸುತ್ತಾರೆ, ಮತ್ತೆ 'ರಾಚಿ' ಅನ್ನುತ್ತಾರೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಜೋಡಿಸಿದ್ದೆಲ್ಲ ಬಸ್ಸು ಕುಲುಕಿದಾಗ ಚೆಲ್ಲಿಹೋಗುತ್ತಿತ್ತು.

ಶಿವರತ್ನಮ್ಮ ಜಗಲಿಯ ಮೇಲೆ ಕಾಲು ನೀಡಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ತಲೆಯೆತ್ತಿ ನೋಡಿ ಮುಖ ಅರಳಿಸಿದರು.

"ರಾಚೀ! ಬಾರೇ, ಬಾ! ಎಷ್ಟು ವರ್ಷ ಆಯ್ತೇ!" ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ಸೊಸೆಗೆ ಕೂಗಿ ಕಾಫಿ ತರಿಸಿದರು. ಆಮೇಲೆ ಮಾತು, ಮಾತು. ಮೊಮ್ಮಕ್ಕಳು, ಮಂಡಿನೋವು, ಸೊಸೆಯ ಸಾರು. ರಾಚಮ್ಮ ಬೆಪ್ಪಾಗಿ ಅವರ ಬಾಯಿಯನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಒಂದು ಮಾತಿಗೆ ಕಾದದ್ದು ಈ ಬಾಯಿಗೇನೇ?

"ಆ ಆಸ್ಪತ್ರೆ ನರಕ ಕಣೇ," ಎಂದರು ಶಿವರತ್ನಮ್ಮ, ದನಿ ಇಳಿಸಿ. "ಅವತ್ತು ಎಲ್ಲರ ಮುಂದೆ ನನ್ನ ಟೋಪಿ ತೆಗೆಸಿದ್ರಲ್ಲ, ಅದು ಇವತ್ತಿಗೂ ಕನಸಿಗೆ ಬರುತ್ತೆ. ಆ ಕಡಲೆಕಾಯಿ ಮುದುಕ ಕೂಡ ನಕ್ಕಿದ್ದ." ಅವನು ನಕ್ಕಿದ್ದು ಇಂದು ಬೆಳಿಗ್ಗೆಯೋ ಎಂಬಂತೆ ಅವರ ಕಣ್ಣು ತುಂಬಿ ಬಂತು.

ರಾಚಮ್ಮ ಗಂಟಲು ಸರಿ ಮಾಡಿಕೊಂಡಳು. "ಸಿಸ್ಟ್ರೇ, ಅವತ್ತು ಡಾಕ್ಟ್ರಿಗೆ ಯಾರೂ ಏಳಿರ್ನಿಲ್ವಂತೆ..."

"ಗೊತ್ತಲ್ಲ! ಬಳೆ ಅಂಗಡಿ ಹತ್ರ ಅವರೇ ನೋಡಿದ್ರಂತೆ. ರೂಮಿಗೆ ಕರೆದು ಅವತ್ತೇ ಹೇಳಿದ್ರು."

"ಅವತ್ತೇ?" ರಾಚಮ್ಮ ಕಾಫಿ ಲೋಟ ಕೆಳಗಿಟ್ಟಳು. "ಅಂಗಾರ... ಮಾರ್ನೆ ದಿನ ಕರ್ಪೂರ ಅಚ್ಚುದ್ರಲ್ಲ?"

"ಯಾವ ಕರ್ಪೂರ?"

ಶಿವರತ್ನಮ್ಮ ನಟಿಸುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದರು, ಬರಲಿಲ್ಲ, ಬಿಟ್ಟುಬಿಟ್ಟರು. "ಏನೇನು ಮಾಡಿದ್ವೋ ಬಿಡೇ ಆ ತಲೆಬಿಸೀಲಿ. ಒಂದು ಸ್ವಲ್ಪ ನೀರು ಕೊಡು, ಮಾತ್ರೆ ನುಂಗಬೇಕು." ರಾಚಮ್ಮ ಚೊಂಬಿನಿಂದ ಬಗ್ಗಿಸಿ ಕೊಟ್ಟಳು. ಶಿವರತ್ನಮ್ಮ ಲೋಟದ ತಳ ಕಾಣುವವರೆಗೂ ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅಕ್ಕರೆಯಿಂದ ಅವಳ ಕೆನ್ನೆ ಸವರಿದರು.

"ನೀನು ಮೊದಲಿಂದಲೂ ಮಾತು ಕಮ್ಮಿ ಕಣೇ ರಾಚಿ. ಅದಕ್ಕೇ ನೀನಂದ್ರೆ ನಂಗೆ ಇಷ್ಟ."

ವಾಪಸು ಬರುವ ಬಸ್ಸಿನಲ್ಲಿ ರಾಚಮ್ಮ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟಳು. ಯಾರ ಮೇಲೆ ಎಂದು ತಿಳಿಯಲಿಲ್ಲ. ಕೈಹಿಡಿದು ಕೂರಿಸಿಕೊಂಡ ಈ ಮುದುಕಿಯ ಮೇಲೆಯೇ? ಫ್ಯಾನಿನ ಮೇಲೆಯೇ? ಮೊದಲಿಂದಲೂ ಮಾತು ಕಮ್ಮಿ ಅಂದರಲ್ಲ, ಅದನ್ನು ಒಪ್ಪದಿದ್ದರೆ ಸಾಕ್ಷಿ ಹೇಳುವವರು ಯಾರು? ಸೋಮವಾರ ಗೇಟಿನ ಹೊರಗೆ ನಿಂತು ಪುಷ್ಪನಿಗೆ ಎಲ್ಲ ಹೇಳಿದಳು. ಪುಷ್ಪ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಂಗಾರ ನಾವು ಆಣೆ ಮಾಡಿದ್ದು ಯಾರ್ ಮ್ಯಾಲಕ್ಕ?"

ಇಬ್ಬರೂ ಬುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ ಗೇಟು ದಾಟಿದರು. ಪುಷ್ಪ ಬಾಯಿ ತೆರೆದಳು, ಏನು ಮಾತಾಡಬೇಕೋ ತೋಚದೆ ಮುಚ್ಚಿಕೊಂಡು ಅಡಿಗೆಮನೆಯ ಕಡೆಗೆ ಹೋದಳು.

ಅಂದು ಹೆರಿಗೆ ಕೋಣೆಯಲ್ಲಿ ಪಾಲಾರ್ ಕಡೆಯ ಒಬ್ಬ ಹುಡುಗಿ ಮಲಗಿದ್ದಳು. ಚೊಚ್ಚಲು. ಬೆಳಿಗ್ಗೆ ದಿವ್ಯ ಡಾಕ್ಟರು ನರ್ಸ್ ಕವಿತಳಿಗೆ ಚೆನ್ನಾಗಿ ಬೈದಿದ್ದರು, ಈಗ ಕವಿತ ಆ ಹುಡುಗಿಗೆ ಬೈಯುತ್ತಿದ್ದಳು. "ಮುಡಿಯಲ್ಲಮ್ಮಾ, ನನ್ ಕೈಲಾಗಲ್ಲಮ್ಮಾ," ಎಂದು ಹುಡುಗಿ ಚೀರುತ್ತಿದ್ದಳು. ರಾಚಮ್ಮ ಒಗೆದ ಬಟ್ಟೆಗಳನ್ನು ತಂದು ಎಂದಿನಂತೆ ಬಾಗಿಲ ಹೊರಗಿನ ಸ್ಟೂಲಿನ ಮೇಲಿಟ್ಟಳು. ಅಲ್ಲಿಂದ ಅವಳು ಹಿಂದಿರುಗಬೇಕಿತ್ತು. ಆದರೆ ಒಳಗೆ ನಡೆದಳು.

"ಯಾರ್ ಕರುದ್ರು ನಿನ್ನ?" ಎಂದಳು ಕವಿತ.

"ಯಾರೂ ಕರೀನಿಲ್ಲ ಕಣವ್ವ," ಎಂದು ರಾಚಮ್ಮ ಹುಡುಗಿಯ ತಲೆಯ ಹತ್ತಿರ ಹೋಗಿ ಕೈ ಹಿಡಿದುಕೊಂಡಳು.

ದನಿ ಬೇಗ ಬರಲಿಲ್ಲ. ಬಂದಾಗ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು. "ನಮ್ಮತ್ತ ಒಬ್ಬಳಿದ್ಲು ಕಣವ್ವ. ಮಾದಪ್ಪನ್ ಬೆಟ್ಟಕ್ಕ ಒಂಟ್ಲು. ಇಂದ್ಗಡೆ ಒಂದು ಕೆಂದ ಕೋಳಿ..." ಹನೂರಿನ ಸಂತೆಗೆ ಬರುವಷ್ಟರಲ್ಲಿ ಹುಡುಗಿಯ ಚೀರಾಟ ನರಳಾಟಕ್ಕೆ ಇಳಿದಿತ್ತು. ಅಜ್ಜೀಪುರದ ನಾಯಿ ಸೋತಾಗ ಅವಳ ತುಟಿ ಅಲ್ಲಾಡಿತು. ರಾಮಾಪುರವೂ ದಾಟಿತು. ಮಗು ಬರಲಿಲ್ಲ. ಕೌದಳ್ಳಿ ಬಂತು. ರಾಚಮ್ಮನ ಮೂಗಿಗೆ ಆ ಮನೆಯ ಮಸಾಲೆ ವಾಸನೆ ಬಡಿಯಿತು. ಉಸಿರು ಬಿಗಿಹಿಡಿದು ಕೋಳಿಯನ್ನು ಆ ಸಂದಿಯ ಮುಂದಿನಿಂದ ಸರಸರನೆ ನಡೆಸಿಕೊಂಡು ಹೋದಳು. ಮಗು ಇನ್ನೂ ಬರಲಿಲ್ಲ.

ಕೋಳಿ ತಾಳಬೆಟ್ಟಕ್ಕೆ ಬಂದು ನಿಂತಿತು. ರಾಚಮ್ಮನೂ ನಿಂತಳು. ಅಲ್ಲಿಂದ ಮುಂದಿನ ಕತೆ ಅವಳಿಗೆ ಗೊತ್ತಿರಲಿಲ್ಲ.

"ಆಮೇಲೆ?" ಎಂದಳು ಹುಡುಗಿ.

ರಾಚಮ್ಮ ಹುಡುಗಿಯ ಮುಖ ನೋಡಿದಳು. ಆ ಆಸ್ಪತ್ರೆಯೊಳಗೆ ಯಾರಾದರೂ ಅವಳನ್ನು 'ಆಮೇಲೆ' ಎಂದು ಕೇಳಿ ಎಷ್ಟು ಕಾಲವಾಗಿತ್ತು!

"ಏಳಕ್ಕ. ಆಮೇಲೆ ಯಾನಾಯ್ತು? ಕೋಳಿ ಬೆಟ್ಟ ಅತ್ತುತಾ?" ಹುಡುಗಿ ಅವಳ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕವಿತ ಕೂಡ ಕೈಯಲ್ಲಿ ಹತ್ತಿ ಹಿಡಿದುಕೊಂಡು ಇತ್ತ ತಿರುಗಿದ್ದಳು.

ಇದು ಸುಳ್ಳು ಎಂದು ರಾಚಮ್ಮನಿಗೆ ಗೊತ್ತಿತ್ತು. ಈ ಸುಳ್ಳಿಗೆ ಮಾದಪ್ಪ ಏನನ್ನು ನಂದಿಸುತ್ತಾನೋ ಗೊತ್ತಿರಲಿಲ್ಲ.

"ಅತ್ತುತು ಕಣವ್ವ," ಎಂದಳು. "ಯಾಕ ಅತ್ತಬಾರ್ದು? ಒಂದ್ ಮೆಟ್ಲು ಅತ್ತುತು, ನಿಂತ್ಕಂಡು ಸುಧಾರಿಸ್ಕತು, ಇನ್ನೊಂದ್ ಮೆಟ್ಲು ಅತ್ತುತು. ನೀನೂ ಅಂಗೇ, ನನ್ನವ್ವ, ಇನ್ನೊಂದ್ಸಲ."

ಮಗು ಬಂದಾಗ ಕೋಳಿ ಇನ್ನೂ ಹತ್ತುತ್ತಲೇ ಇತ್ತು.